4,500 ರೂಪಾಯಿ ಕೊಟ್ಟು ತಗೊಂಡ ಇಂಟರ್ನ್‌ಶಿಪ್

ಆರನೇ ಸೆಮಿಸ್ಟರ್ ಮುಗಿಸಿ ರಜೆಗೆ ಕಾಯ್ತಿರೋರು ಇಂಟರ್ನ್‌ಶಿಪ್‌ಗೆ ಅಂತ ಯಾರಿಗಾದರೂ ದುಡ್ಡು ಹಾಕೋ ಮುಂಚೆ ಇದನ್ನು ಓದಿ.

ನಾನು ದಾವಣಗೆರೆಯಲ್ಲಿ ಬಿಇ ಎಲೆಕ್ಟ್ರಾನಿಕ್ಸ್ ಓದಿದವನು. ಇಂಟರ್ನ್‌ಶಿಪ್ ಮುಗಿಸದೆ ವಿಟಿಯು ಡಿಗ್ರಿ ಕೈಗೆ ಬರಲ್ಲ. ಇದು ನಮಗಿಂತ ಚೆನ್ನಾಗಿ ದುಡ್ಡು ಇಸ್ಕೊಂಡು ಇಂಟರ್ನ್‌ಶಿಪ್ ಕೊಡೋ ದಂಧೆಯವರಿಗೆ ಗೊತ್ತು. ರಜೆಗೆ ಒಂದು ವಾರ ಇರುವಾಗ ಕ್ಲಾಸ್ ಗ್ರೂಪಿಗೆ ಪೋಸ್ಟರ್ ಬಂತು: ಮಷಿನ್ ಲರ್ನಿಂಗ್, ನಾಲ್ಕು ವಾರ, 4,500 ರೂಪಾಯಿ, ಇನ್ನು 12 ಸೀಟು ಮಾತ್ರ.

ಫಾರಂ ತುಂಬಿ ಕ್ಯಾಂಟೀನಲ್ಲಿ ಟೀ ಕುಡಿದು ಬರೋಷ್ಟರಲ್ಲಿ ಆಫರ್ ಲೆಟರ್ ಮೇಲ್‌ನಲ್ಲಿತ್ತು. ಇಂಟರ್‌ವ್ಯೂ ಇಲ್ಲ, ಒಂದು ಫೋನೂ ಇಲ್ಲ. "ಕೆಲಸ ಕೊಡೋರೇ ದುಡ್ಡು ಕೇಳ್ತಾರೇನೋ?" ಅಂದರು ಅಪ್ಪಾಜಿ. "ಈಗೆಲ್ಲ ಹಂಗೇ, ನಿಮಗೆ ಗೊತ್ತಾಗಲ್ಲ" ಅಂದೆ. ಅಡಿಕೆ ಮಂಡಿಯಲ್ಲಿ ಅಡ್ವಾನ್ಸ್ ಇಸ್ಕೊಂಡು ಕಳಿಸಿದರು.

ಪೋಸ್ಟರ್ ಕೆಳಗೆ 'ಎಂಎಸ್ಎಂಇ ನೋಂದಾಯಿತ' ಅಂತ, ಅಂದರೆ ಸರ್ಕಾರದಲ್ಲಿ ನೋಂದಣಿಯಾದ ಸಣ್ಣ ಉದ್ದಿಮೆ ಅಂತ ಮುದ್ರೆ ಇತ್ತು, ಅದನ್ನು ನೋಡಿಯೇ ನಂಬಿದ್ದು. ಆ ನೋಂದಣಿಗೆ 'ಉದ್ಯಮ್' ಅಂತಾರೆ, ಅದು ಪುಕ್ಕಟೆ, ಆನ್‌ಲೈನಲ್ಲಿ ತಾವೇ ಘೋಷಿಸಿಕೊಂಡು ಮಾಡಿಸೋದು ಅಂತ ಆಮೇಲೆ ಗೊತ್ತಾಯ್ತು. ಮೆಣಸಿನಕಾಯಿ ಬಜ್ಜಿ ಅಂಗಡಿಯವರೂ ಮಾಡಿಸಬಹುದು. ಅವರು ಬಜ್ಜಿನಾದರೂ ಕೊಡ್ತಾರೆ.

ಕ್ಲಾಸ್ ನಡೆದಿದ್ದು ಒಂಬತ್ತು ದಿನ. ನಮ್ಮ ಮೈಕ್ ಎಲ್ಲ ಬಂದ್, ಆ ಕಡೆಯಿಂದ ಹಳೇ ರೆಕಾರ್ಡಿಂಗ್. ಕೊನೆಗೆ ಎಲ್ಲರಿಗೂ ಒಂದೇ ಪ್ರಾಜೆಕ್ಟಿನ ಕೋಡ್ ಕಳಿಸಿದರು, ಐರಿಸ್ ಹೂವಿನ ಡೇಟಾದ್ದು. ಮೂರು ಜಾತಿ, 150 ಹೂವು, ಒಂದೊಂದಕ್ಕೂ ನಾಲ್ಕು ಅಳತೆ, ಅದನ್ನು ನೋಡಿ ಕೋಡ್ ಜಾತಿ ಹೇಳಬೇಕು. 1936ರಿಂದ ಚಾಲ್ತಿಯಲ್ಲಿರೋ ಡೇಟಾ, ಪಾಠ ಶುರು ಮಾಡೋರಿಗೆ ಒಳ್ಳೇದೇ. ನಾನು ಫೈಲ್ ಹೆಸರು ಬದಲಾಯಿಸಿ ಒಪ್ಪಿಸಿದೆ. ಸರ್ಟಿಫಿಕೇಟಲ್ಲಿ ಪೂರ್ತಿ ನಾಲ್ಕು ವಾರದ ತಾರೀಖು ಹಾಕಿ ಕೊಟ್ಟರು.

ಬೆಂಗಳೂರಲ್ಲಿ ಮೊದಲ ಇಂಟರ್‌ವ್ಯೂ. ಎದುರಿಗಿದ್ದ ಮೇಡಂ ರೆಸ್ಯೂಮೆ ನೋಡಿ, "ಇವತ್ತು ಬೆಳಿಗ್ಗೆಯಿಂದ ಇದು ಐದನೇ ಐರಿಸ್" ಅಂದರು. ಆಮೇಲೆ ಮೆತ್ತಗೆ, "ನಾಲ್ಕು ಅಳತೆಯಲ್ಲಿ ಸೆಪಲ್ ಅಂತ ಬರುತ್ತಲ್ಲ, ಹೂವಲ್ಲಿ ಅದೆಲ್ಲಿರುತ್ತೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅಡಿಕೆ ತೋಟದಲ್ಲಿ ಬೆಳೆದವನಿಗೆ ಹೂವಿನ ಭಾಗ ಗೊತ್ತಿಲ್ಲ! ಆರು ನಿಮಿಷಕ್ಕೆ ಎದ್ದು ಬಂದೆ.

ದುಡ್ಡು ಹೋಗಿದ್ದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಆ ಸರ್ಟಿಫಿಕೇಟಿಗೆ ಜಾಗ ಮಾಡೋಕೆ ನಾನೇ ಮಾಡಿದ್ದ ಮಿನಿ ಪ್ರಾಜೆಕ್ಟನ್ನು ರೆಸ್ಯೂಮೆಯಿಂದ ಅಳಿಸಿ ಹಾಕಿದ್ದೆ. ಮಿಸ್ಡ್ ಕಾಲ್ ಕೊಟ್ಟರೆ ನಮ್ಮ ಬೋರ್‌ವೆಲ್ ಮೋಟರ್ ಆನ್ ಆಗೋ ಡಬ್ಬಿ ಅದು. ಕಾಲ್ ಬಂದಾಗಲೆಲ್ಲ ಬೋರ್ಡ್ ರೀಸೆಟ್ ಆಗ್ತಿತ್ತು. ಸಿಮ್ ಮಾಡ್ಯೂಲ್ ಒಂದು ಕ್ಷಣಕ್ಕೆ 2 ಆಂಪಿಯರ್‌ವರೆಗೆ ಕರೆಂಟ್ ಎಳೆಯುತ್ತೆ, ಆಗ ಬೋರ್ಡಿಗೆ ಸಾಲಲ್ಲ ಅನ್ನೋದು ತಿಳಿಯೋಕೆ ನನಗೆ ಹನ್ನೆರಡು ದಿನ ಹಿಡೀತು. ಆ ಪ್ರಾಜೆಕ್ಟನ್ನು ರೆಸ್ಯೂಮೆಗೆ ವಾಪಸ್ ಸೇರಿಸಿದ ಮೇಲೆ ಹೋದ ಮೂರು ಇಂಟರ್‌ವ್ಯೂಗಳಲ್ಲೂ ಮಾತು ನಡೆದಿದ್ದು ಅದೊಂದರ ಮೇಲೇ. ಮೂರನೇದರಲ್ಲಿ ಕೆಲಸ ಸಿಕ್ತು.

ನನ್ನ ರೂಮ್‌ಮೇಟ್ ಕಥೆ ಇದಕ್ಕಿಂತ ಕೆಟ್ಟದ್ದು. ಅದೇ ಜನ ಫೋನ್ ಮಾಡಿ 'ಪ್ಲೇಸ್‌ಮೆಂಟ್ ಗ್ಯಾರಂಟಿ' ಕೋರ್ಸು, 60,000, ಕಂತಲ್ಲಿ ಕಟ್ಟಿ ಅಂದರು. ಆಧಾರ್, ಪ್ಯಾನ್, ಒಂದು ಓಟಿಪಿ ಕೊಟ್ಟ. ಕಂತು ಅಂದಿದ್ದು ಫೀಸಿನದಲ್ಲ, ಫೈನಾನ್ಸ್ ಕಂಪನಿಯೊಂದು ಅವನ ಹೆಸರಿಗೆ ಕೊಟ್ಟ ಸಾಲದ್ದು. ದುಡ್ಡು ಅವತ್ತೇ ಇನ್‌ಸ್ಟಿಟ್ಯೂಟಿಗೆ ಪೂರ್ತಿ ಹೋಯ್ತು. ಮೂರನೇ ತಿಂಗಳು ಕ್ಲಾಸ್ ನಿಂತಿತು, ಇಎಂಐ ನಿಲ್ಲಲಿಲ್ಲ. ಎರಡು ಕಂತು ತಪ್ಪಿದ್ದಕ್ಕೆ, ಸಾಲ ಸರಿಯಾಗಿ ಕಟ್ತಾರಾ ಅಂತ ಬ್ಯಾಂಕಿನವರು ನೋಡೋ ಸಿಬಿಲ್ ಸ್ಕೋರ್ ಬಿತ್ತು. ಕೆಲಸಕ್ಕೆ ಸೇರೋ ಮುಂಚೆಯೇ ಸಾಲಗಾರ. 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಅಂತ ಒಂದು ಹಾಳೆ ಕಳಿಸ್ತಾರೆ, ಸಾಲ ಯಾರದ್ದು, ಬಡ್ಡಿ ಎಷ್ಟು ಎಲ್ಲ ಅದರಲ್ಲಿರುತ್ತೆ. ಇವನು ಅದನ್ನು ತೆರೆದೇ ಇರಲಿಲ್ಲ.

ಕಂಪನಿ ನಿಜವೋ ಅಲ್ಲವೋ ಅಂತ ನೋಡೋಕೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ವೆಬ್‌ಸೈಟಲ್ಲಿ ಹೆಸರು ಹಾಕಿ, ಶುರುವಾದ ತಾರೀಖು ಸಿಗುತ್ತೆ. 'ಹತ್ತು ವರ್ಷದ ಅನುಭವ' ಎಷ್ಟು ತಿಂಗಳಿನದು ಅಂತ ತಿಳಿಯುತ್ತೆ. ಸಂಬಳ ಕೊಟ್ಟೇ ಕಲಿಸೋ ಅಪ್ರೆಂಟಿಸ್‌ಶಿಪ್ ಬೇಕಿದ್ದರೆ ಕೇಂದ್ರದ ನ್ಯಾಟ್ಸ್ ಪೋರ್ಟಲ್ ಇದೆ, ಬಿಇ, ಡಿಪ್ಲೊಮಾ ಮುಗಿಸಿದವರಿಗೆ. ಐಐಟಿಯವರ ಆನ್‌ಲೈನ್ ಕೋರ್ಸು ಎನ್‌ಪಿಟಿಇಎಲ್ ಪಾಠ ಪುಕ್ಕಟೆ, ಫೀಸು ಪರೀಕ್ಷೆಗೆ ಮಾತ್ರ, ಅದನ್ನೂ ಸೆಂಟರಿಗೆ ಹೋಗಿ ಬರೀಬೇಕು.

ಈಗಾಗಲೇ ದುಡ್ಡು ಹಾಕಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕ್ಲಾಸ್ ಅರ್ಧಕ್ಕೆ ನಿಲ್ಲಿಸಿದ್ದರೆ ಗ್ರಾಹಕ ಸಹಾಯವಾಣಿ 1915. ಪೋಸ್ಟರ್, ಚಾಟ್, ಯುಪಿಐ ರಸೀದಿ ಇಟ್ಕೊಳ್ಳಿ. ಅವರು ನನ್ನನ್ನು ಇಂಟರ್ನ್‌ಶಿಪ್ ಗ್ರೂಪಿಂದ ತೆಗೆದ ದಿನ ಚಾಟ್ ನಾನೇ ಡಿಲೀಟ್ ಮಾಡಿದ್ದೆ, ಸಿಟ್ಟಿಗೆ.