ದೂರದ ರೈಲಿಗೆ ಯಾವ ಫ್ಯಾಂಟಸಿ, ಯಾವ ಸೈನ್ಸ್ ಫಿಕ್ಷನ್? ತುಮಕೂರಿನಿಂದ ಹೊರಡುವವರಿಗೆ

ದೆಹಲಿ ಕಡೆಗೆ ಹೊರಟರೆ ಎರಡು ರಾತ್ರಿಯ ಲೆಕ್ಕ. ಊಟ, ನಿದ್ದೆ, ಎದುರು ಸೀಟಿನವರ ಮಾತುಕತೆ, ರಾತ್ರಿ ಹತ್ತಕ್ಕೆ ಆರಿಸುವ ದೀಪ ಎಲ್ಲ ಕಳೆದರೆ ಓದಲು ಸಿಗುವುದು ಹತ್ತು ಹನ್ನೆರಡು ಗಂಟೆ. ಗಂಟೆಗೆ 30–35 ಪುಟ ಓದುವವರಿಗೆ 400 ಪುಟ ಧಾರಾಳ. ಈ ಲೆಕ್ಕ ಹಾಕದೆ ಸಾವಿರ ಪುಟದ ಸಂಪುಟ ಹೊತ್ತೊಯ್ದರೆ ಅದು ಅರ್ಧಕ್ಕೇ ನಿಂತು ವಾಪಸ್ ಬರುತ್ತದೆ.

ಪುಟಕ್ಕಿಂತ ದೊಡ್ಡ ತೊಡಕು ಮೊದಲ ಐವತ್ತು ಪುಟಗಳದ್ದು. ಹೊಸ ಲೋಕ ಕಟ್ಟುವ ಕಾದಂಬರಿ ತನ್ನ ಹೆಸರು, ಪದ, ವಂಶಗಳನ್ನೆಲ್ಲ ಅಲ್ಲೇ ಸುರಿಯುತ್ತದೆ. ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ (1965) ತೆಗೆದುಕೊಳ್ಳಿ: ಬೆನೆ ಗೆಸೆರಿಟ್, ಗಾಮ್ ಜಬ್ಬಾರ್, ಕ್ವಿಸಾಟ್ಸ್ ಹ್ಯಾಡೆರಾಕ್, ಮೂರೂ ಮೊದಲ ಅಧ್ಯಾಯದಲ್ಲೇ ಎದುರಾಗುತ್ತವೆ. ಅರ್ಥ ಕೊನೆಯ ಪದಕೋಶದಲ್ಲಿದೆ. ಚಹಾ ಮಾರುವವರು ಐದು ನಿಮಿಷಕ್ಕೊಮ್ಮೆ ಹಾದುಹೋಗುವ ಬೋಗಿಯಲ್ಲಿ ಹಿಂದೆ ಮುಂದೆ ತಿರುವುತ್ತಾ ಕೂತರೆ ಕತೆಯ ಎಳೆ ತಪ್ಪುತ್ತದೆ. ಪುಸ್ತಕ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಐವತ್ತು ಪುಟ ಮನೆಯಲ್ಲೇ ಓದಿ ಮುಗಿಸಿ, ಪದಕೋಶದ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿ ಹೊರಡಿ. ಆಮೇಲೆ ಅದೇ ನಿಮ್ಮನ್ನು ಎಳೆದೊಯ್ಯುತ್ತದೆ.

ಆ ಸಿದ್ಧತೆಗೆ ಬಿಡುವಿಲ್ಲವೆಂದರೆ ಅಸಿಮೊವ್ ಅವರ ‘ಫೌಂಡೇಷನ್’ (1951) ರೈಲಿಗೆ ಹೇಳಿ ಮಾಡಿಸಿದಂತಿದೆ. ಐದು ಭಾಗಗಳಲ್ಲಿ ನಾಲ್ಕು ಮೊದಲು ಪತ್ರಿಕೆಯಲ್ಲಿ ಬಿಡಿ ಕತೆಗಳಾಗಿ ಬಂದವು. ಹಾಗಾಗಿ ಒಂದೊಂದು ಭಾಗ ತನ್ನಷ್ಟಕ್ಕೆ ಮುಗಿಯುತ್ತದೆ, ಮುಂದಿನದು ಎಷ್ಟೋ ವರ್ಷ ದಾಟಿ ಶುರುವಾಗುತ್ತದೆ. ನಡುವೆ ನಿದ್ದೆ ಬಂದರೂ ನಷ್ಟವಿಲ್ಲ. ಒಂದು ಎಚ್ಚರ: ಈ ಸರಣಿಯ ಪುಸ್ತಕಗಳನ್ನು ಕತೆಯ ಕಾಲಕ್ರಮ ಹಿಡಿದು ಜೋಡಿಸಿದ ಪಟ್ಟಿಗಳು 1988ರ ‘ಪ್ರೆಲ್ಯೂಡ್ ಟು ಫೌಂಡೇಷನ್’ ಅನ್ನು ಮುಂದೆ ಇಡುತ್ತವೆ. ಅದರಿಂದ ಆರಂಭಿಸಬೇಡಿ, 1951ರದ್ದೇ ಮೊದಲು.

ಫ್ಯಾಂಟಸಿಯಲ್ಲಿ ನಮ್ಮ ಮೊದಲ ಆಯ್ಕೆ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ (1968). ಹತ್ತೇ ಅಧ್ಯಾಯ, ಸುಮಾರು 200 ಪುಟ, ಒಂದು ಹಗಲಿನ ಓದು. ಟೋಲ್ಕಿನ್ ಅವರ ‘ಹಾಬಿಟ್’ (1937) ಇದಕ್ಕಿಂತ ಉದ್ದ. ಹತ್ತೊಂಬತ್ತು ಅಧ್ಯಾಯಗಳಲ್ಲೂ ಪಯಣವೇ ಪಯಣ, ಮಕ್ಕಳ ಜೊತೆ ಹೊರಟವರಿಗೆ ಗಟ್ಟಿಯಾಗಿ ಓದಿ ಹೇಳಲೂ ಚೆನ್ನ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿ ಬೇಡ: ಐದನೇ ಸಂಪುಟ ಬಂದದ್ದು 2011ರಲ್ಲಿ, ಕತೆ ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ? ತೇಜಸ್ವಿಯವರ ‘ಕರ್ವಾಲೊ’ (1980) ಕಟ್ಟುನಿಟ್ಟಾಗಿ ಸೈನ್ಸ್ ಫಿಕ್ಷನ್ ಅಲ್ಲ ನಿಜ. ಆದರೆ ಹಾರುವ ಓತಿಯನ್ನು ಹುಡುಕಿ ಕಾಡು ನುಗ್ಗುವ ಆ ಬೆರಗನ್ನು ಎಷ್ಟೋ ಬಾಹ್ಯಾಕಾಶ ಕತೆಗಳು ಕೊಡಲಾರವು. ಜನಶತಾಬ್ದಿಯಲ್ಲಿ ತುಮಕೂರಿನಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಓದಿ ಮುಗಿಸಬಹುದು. ಅಪ್ಪಟ ವೈಜ್ಞಾನಿಕ ಕತೆಯೇ ಬೇಕೆಂದರೆ ರಾಜಶೇಖರ ಭೂಸನೂರಮಠರನ್ನು ಹುಡುಕಿ.

ಬಸ್ಸಿನಲ್ಲಿ ಮಾತ್ರ ಕಾದಂಬರಿಯೇ ಬೇಡ. ಕಣ್ಣು ಅಲುಗದ ಪುಟದ ಮೇಲೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ಕುಲುಕಾಟ. ಈ ಎರಡರ ಹೊಂದಾಣಿಕೆ ತಪ್ಪಿದಾಗಲೇ ಹೊಟ್ಟೆ ತೊಳಸುವುದು. ಬಸ್ಸು ನಿಂತಾಗ ಓದಲು ಟೆಡ್ ಚಿಯಾಂಗ್ ಅವರ ‘ಸ್ಟೋರೀಸ್ ಆಫ್ ಯುವರ್ ಲೈಫ್ ಅಂಡ್ ಅದರ್ಸ್’ (2002) ಇರಲಿ, ಎಂಟು ಕತೆಗಳಿವೆ. ಓಡುವಾಗ ಆಡಿಯೋ ಪುಸ್ತಕ ಕೇಳಿ.

ಊರಿನ ಅಂಗಡಿಗಳಲ್ಲಿ ಹೆಚ್ಚಿನ ಕಪಾಟು ಪರೀಕ್ಷಾ ಗೈಡುಗಳದ್ದೇ. ಹಾಗಾಗಿ ಎರಡು ವಾರ ಮೊದಲೇ ಹೇಳಿ ತರಿಸಿಕೊಳ್ಳಿ. ಅವಸರಕ್ಕೆ ಫುಟ್‌ಪಾತಿನ ಪ್ರತಿ ಕೊಳ್ಳುವುದಾದರೆ ಮೂರು ಕಡೆ ತೆರೆದು ನೋಡಿ: ಮೊದಲಿನ ನಕಾಶೆ, ನಡುವಿನ ಪುಟಸಂಖ್ಯೆ, ಕೊನೆಯ ಪದಕೋಶ. ನಕಲಿ ಪ್ರತಿಯಲ್ಲಿ ನಕಾಶೆಯ ಹೆಸರುಗಳು ಮಸಿಯಾಗಿರುತ್ತವೆ, ಹದಿನಾರು ಪುಟಗಳ ಒಂದು ಫಾರಂ ಪೂರ್ತಿ ಕಾಣೆಯಾಗಿರುವುದೂ ಉಂಟು. ನಕಾಶೆಯಿಲ್ಲದೆ ಅರ್ಥ್‌ಸೀ ದ್ವೀಪಗಳಲ್ಲಿ ದಾರಿ ತಪ್ಪುವುದು ಖಂಡಿತ.

ಇ-ಪುಸ್ತಕ ಓದಲು ಅಮೆಜಾನ್ ಮಾರುವ ಕಿಂಡಲ್ ಸುಮಾರು 200 ಗ್ರಾಂ, ದೀಪ ಆರಿಸಿದ ಮೇಲೂ ಮೇಲಿನ ಬರ್ತಿನಲ್ಲಿ ಓದಬಹುದು. ಆದರೆ ನಕಾಶೆ ಅದರಲ್ಲಿ ಬೆರಳುಗಾತ್ರ, ಹಾಗಾಗಿ ಫೋನಿಗೆ ಫೋಟೋ ಹೊಡೆದಿಟ್ಟುಕೊಳ್ಳಿ. ಕಿಂಡಲ್‌ನ ಇ-ಪುಸ್ತಕದಂಗಡಿ 2016ರಲ್ಲಿ ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಾಗ ಕನ್ನಡವನ್ನು ಹೊರಗಿಟ್ಟಿತು, ಇದು ನಿಜಕ್ಕೂ ಬೇಸರದ ಸಂಗತಿ. ಕನ್ನಡ ಇ-ಪುಸ್ತಕಕ್ಕೆ ಫೋನಿನಲ್ಲಿ ಮೈಲ್ಯಾಂಗ್ ಆ್ಯಪ್ ಇದೆ. ಹಿಂದಿನ ದಿನವೇ ಪುಸ್ತಕ ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ತೆರೆದು ನೋಡಿ. ಅರ್ಧ ಇಳಿದ ಪುಸ್ತಕ ಕಪಾಟಿನಲ್ಲಿ ಕಾಣಿಸುತ್ತದೆ, ಆದರೆ ಸಿಗ್ನಲ್ ಇಲ್ಲದ ಕಡೆ ತೆರೆಯುವುದಿಲ್ಲ.