ಮುಧೋಳ ನಾಯಿ ಓಡಿಸಲು ಲಾವಣಿ ಹೊಲ: ಎರಿ, ಮಾವಿನ ತೋಟ, ಮಸಾರಿ ಮೂರರಲ್ಲೂ ಓಡಿಸಿ ನೋಡಿದ್ದು

ಹೊಲ ಲಾವಣಿಗೆ, ಅಂದರೆ ಬಾಡಿಗೆಗೆ, ಕೇಳಲು ಹೋದರೆ ಮೊದಲು ಬರುವ ಪ್ರಶ್ನೆ, "ಏನ್ ಬಿತ್ತಾಂವ ತಮ್ಮಾ?" ಏನೂ ಬಿತ್ತುವುದಿಲ್ಲ ಕಾಕಾ, ನಾಯಿ ಓಡಿಸಬೇಕು ಅಂದರೆ ಎದುರಿನವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ದನಿ ತಗ್ಗಿಸಿ, "ಮೊಲಾ ಹಿಡ್ಯಾಕೇನು?" ಅಂತ ಕೇಳುತ್ತಾರೆ.

ಮುಧೋಳದಲ್ಲಿ ಈ ಪ್ರಶ್ನೆ ಬರುವುದು ಸಹಜ. ಮೊಲದ ಹಿಂದೆ ಬಿಡಲೆಂದೇ ತಲೆಮಾರುಗಳಿಂದ ಸಾಕಿ ತಂದ ತಳಿ ಇದು. ಸಂಸ್ಥಾನದ ಕಾಲದಲ್ಲಿ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ರಾಜ ಐದನೇ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟಿದ್ದು ಇದೇ ನಾಯಿಯನ್ನು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಮುಗಿಯಿತು. ಅಮೆರಿಕದ ಟೆಕ್ಸಾಸ್‌ನಂಥ ಕಡೆ ಜಿಂಕೆ ಬೇಟೆಗೆಂದೇ ಖಾಸಗಿ ಜಮೀನು ಲೀಜ್ ಹಿಡಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಹೊಲ ಸ್ವಂತದ್ದಿರಲಿ, ಲಾವಣಿಯದ್ದಿರಲಿ, ಅಲ್ಲಿ ಮೊಲ ಹಿಡಿದರೆ ಅಪರಾಧವೇ. ನನಗೆ ಇದು ಸರಿ ಅನಿಸುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಇದ್ದಷ್ಟು ಮೊಲ ಈಗ ಎಲ್ಲಿವೆ?

ಬೇಟೆ ನಿಂತಿತು ಅಂತ ನಾಯಿಯ ಕಾಲು ನಿಲ್ಲುವುದಿಲ್ಲ. ಹಿತ್ತಲಲ್ಲಿ ಕಟ್ಟಿ ಸಾಕಿದ ಮುಧೋಳ ನಾಯಿಯನ್ನು ನೋಡಿದ್ದೀರಾ? ತೊಡೆ ಬತ್ತಿರುತ್ತದೆ, ಸರಪಳಿ ಕಚ್ಚಿ ಕಚ್ಚಿ ಹಲ್ಲು ಸವೆದಿರುತ್ತದೆ. ವಾರಕ್ಕೆ ಎರಡು ಸಲವಾದರೂ ಮೈಬಿಚ್ಚಿ ಓಡಲೇಬೇಕು. ಅದಕ್ಕೆ ನಾವು ನಾಲ್ಕು ಮಂದಿ ಸೇರಿ ಒಂದು ಏರ್ಪಾಟು ಮಾಡಿಕೊಂಡೆವು. ಗುಜರಿಯಿಂದ ತಂದ ಹಳೆ ಕಾರಿನ ಸ್ಟಾರ್ಟರ್ ಮೋಟರು, ಒಂದು ಬ್ಯಾಟರಿ, ನೆಲಕ್ಕೆ ಗೂಟ ಹೊಡೆದು ಕೂರಿಸಿದ ಒಂಬತ್ತು ಗಾಲಿ, ಅವುಗಳ ಸುತ್ತ ಹಾಯ್ದ ದಾರ, ದಾರಕ್ಕೆ ಕಟ್ಟಿದ ಬಿಳಿ ಕ್ಯಾರಿಬ್ಯಾಗ್. ಸ್ವಿಚ್ ಒತ್ತಿದರೆ ಚೀಲ ನೆಲ ಸವರಿಕೊಂಡು ಹಾರುತ್ತದೆ. ಇವು ಮೂಸಿ ಹುಡುಕುವ ನಾಯಿಗಳಲ್ಲ, ಕಣ್ಣಲ್ಲಿ ಕಂಡಿದ್ದನ್ನು ಅಟ್ಟುವ ನಾಯಿಗಳು. ಚೀಲ ಅಲುಗಿದರೆ ಅವಕ್ಕೆ ಅಷ್ಟೇ ಸಾಕು.

ಮೋಟರು, ದಾರ ಎಲ್ಲ ಸುಲಭದಲ್ಲಿ ಸಿಕ್ಕವು. ಕಷ್ಟ ಆಗಿದ್ದು ಜಾಗ. ಮೂರು ವರ್ಷದಲ್ಲಿ ಮೂರು ಥರದ ನೆಲ ಹಿಡಿದು ನೋಡಿದೆವು.

ಪುಕ್ಕಟೆ ಸಿಗುವ ಜಾಗದ ಮಾತನ್ನು ಮೊದಲೇ ಮುಗಿಸುತ್ತೇನೆ. ಊರ ಗಾಯರಾಣದಲ್ಲಿ, ಅಂದರೆ ದನ ಮೇಯುವ ಗೋಮಾಳದಲ್ಲಿ ಬಿಟ್ಟರಾಯಿತು, ಲಾವಣಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಾವೂ ಮೊದಲು ಅಲ್ಲೇ ಬಿಟ್ಟೆವು, ಮೂರು ವಾರ. ಅಲ್ಲಿ ಕುರಿ ಹಿಂಡು ಇರುತ್ತದೆ, ಹಿಂಡಿನ ಜೊತೆ ಕಾವಲು ನಾಯಿ ಇರುತ್ತವೆ. ಒಂದು ಕುರಿಮರಿ ಬೆದರಿ ಓಡಿದರೆ ನಮ್ಮ ನಾಯಿಗೂ ಮರಿಗೂ ನಡುವೆ ಯಾರಿದ್ದಾರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದು. ನಮ್ಮ ತಾಲೂಕು ಮತ್ತು ಬೀಳಗಿ ತಾಲೂಕಿನಲ್ಲಿ ಯಡಹಳ್ಳಿ ಚಿಂಕಾರ ಅಭಯಾರಣ್ಯ ಇದೆ, ಸುಮಾರು 96 ಚದರ ಕಿಲೋಮೀಟರ್. ಚಿಂಕಾರ ಅಂದರೆ ಜಿಂಕೆಯಂಥ ಸಣ್ಣ ಹುಲ್ಲೆ. ಅದಕ್ಕೆ ಗಡಿಕಲ್ಲು ಗೊತ್ತಿರುವುದಿಲ್ಲ. ನಮ್ಮ ನಾಯಿಗೂ ಗೊತ್ತಿರುವುದಿಲ್ಲ. ಆ ಕಡೆಯ ಬಯಲಲ್ಲಿ ಬೇಟೆ ತಳಿಯ ನಾಯಿಯನ್ನು ಬಿಟ್ಟುಕೊಂಡು ನಿಲ್ಲುವುದೇ ತಪ್ಪು ಅಂತ ನನ್ನ ಅಭಿಪ್ರಾಯ.

ಮೊದಲ ಲಾವಣಿ ಎರಿ ಹೊಲದ್ದು, ಅಂದರೆ ಕಪ್ಪು ಮಣ್ಣಿನದ್ದು. ಘಟಪ್ರಭೆಯ ದಂಡೆಗೆ ಹತ್ತಿರ, ನಾಲ್ಕು ಎಕರೆ, ಹಿಂಗಾರಿ ಬಿಳಿಜೋಳ ತೆಗೆದ ಮೇಲೆ ಖಾಲಿ ಬಿದ್ದಿತ್ತು. ಫೆಬ್ರುವರಿ ಕೊನೆಯಿಂದ ಮೇ ಕೊನೆತನಕ ಆರು ಸಾವಿರ ರೂಪಾಯಿ. ಕೈಯಲ್ಲಿ ಕೈ ಹಾಕಿ ಮಾತು ಮುಗಿಯಿತು. ಹೊಲದ ತುದಿಗೆ ನಿಂತರೆ ಈ ಒಡ್ಡಿನಿಂದ ಆ ಒಡ್ಡಿನವರೆಗೆ ಕಣ್ಣಿಗೆ ಏನೂ ಅಡ್ಡವಿಲ್ಲ. ನೇರವಾಗಿ ಇನ್ನೂರು ಮೀಟರು ಓಟ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ ಅನಿಸಿತ್ತು.

ಎರಡನೇ ಭಾನುವಾರ ನನ್ನ ನಾಯಿ ಗೌರಿ ಮೊದಲ ತಿರುವಿನಲ್ಲೇ ನಿಂತುಬಿಟ್ಟಳು. ಕೂಗಲೂ ಇಲ್ಲ. ಮುಂಗಾಲು ಎತ್ತಿ ಹಿಡಿದು ನನ್ನ ಕಡೆ ನೋಡುತ್ತಿದ್ದಳು. ಹೋಗಿ ಕಾಲು ತಿರುಗಿಸಿದರೆ ಅಂಗಾಲಿನ ಮೆತ್ತೆ ಸೀಳಿ ಬಾಯಿ ಬಿಟ್ಟಿದೆ, ಒಳಗೆ ಜೋಳದ ಕೂಳೆಯ ಚೂರು ಒಂದು ಉಗುರಿನಷ್ಟು ಉದ್ದ. ಜೋಳ ಬೇರು ಸಮೇತ ಕಿತ್ತ ಹೊಲವಾಗಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಇದು ಕುಡುಗೋಲಿನಿಂದ ಕೊಯ್ದ ಹೊಲ. ಓರೆಯಾಗಿ ಕೊಯ್ದ ಕೂಳೆ ನಾಲ್ಕು ಬೆರಳು ಎತ್ತರಕ್ಕೆ, ಒಣಗಿ ಸೂಜಿಯ ಹಾಗೆ ನಿಂತಿರುತ್ತದೆ. ನಡೆಯುವ ಮನುಷ್ಯನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಓಡುವ ನಾಯಿ ಅದರ ಮೇಲೆ ಇಡೀ ಮೈಭಾರ ಹಾಕಿ ಇಳಿಯುತ್ತದೆ.

ಗೌರಿಗೆ ಐದು ಹೊಲಿಗೆ ಬಿತ್ತು, ಆರು ವಾರ ಮನೆಯಲ್ಲೇ ಕೂತಳು. ನಾವು ಓಟದ ದಾರಿಯಷ್ಟಕ್ಕೆ ಕುಂಟಿ ಹೊಡೆಸಿ ಕೂಳೆ ತೆಗೆಸಿದೆವು. ಅಷ್ಟರಲ್ಲಿ ಏಪ್ರಿಲ್ ಬಂತು, ಎರಿ ಹೊಲ ಬಾಯಿ ಬಿಟ್ಟಿತು. ನಮ್ಮ ಕಡೆಯ ಎರಿ ಬಿರುಕು ನೋಡಿದವರಿಗೆ ಹೇಳಬೇಕಾಗಿಲ್ಲ. ನನ್ನ ಮುಂಗೈ ಸಲೀಸಾಗಿ ಒಳಗೆ ಹೋಗುತ್ತಿತ್ತು. ನಾಯಿಯ ಕಾಲು ಅದರಲ್ಲಿ ಸಿಕ್ಕಿ ಮೈ ಮುಂದಕ್ಕೆ ಹೋದರೆ ಎಲುಬು ಮುರಿಯುವುದೇ. ಲಾವಣಿ ಮುಗಿಯಲು ಒಂದೂವರೆ ತಿಂಗಳು ಇರುವಾಗಲೇ ಬಿಟ್ಟುಬಂದೆವು. ರೊಕ್ಕ ವಾಪಸ್ ಕೇಳಲಿಲ್ಲ. ಹೊಲದ ಯಜಮಾನರದ್ದು ಏನೂ ತಪ್ಪಿರಲಿಲ್ಲ, ನೋಡದೆ ಹಿಡಿದವರು ನಾವು.

ಎರಿ ಹೊಲ ಬೇಕೇ ಬೇಕು ಅನ್ನುವವರು ಕಡಲೆ ತೆಗೆದ ಹೊಲ ನೋಡಿ, ಮಾರ್ಚ್ ಮುಗಿಯುವುದರೊಳಗೆ ಓಡಿಸಿ ಮುಗಿಸಿ. ಕಬ್ಬು ಕಡಿದ ಹೊಲದ ಹತ್ತಿರಕ್ಕೂ ಹೋಗಬೇಡಿ. ರವದಿ, ಅಂದರೆ ಕಬ್ಬಿನ ಒಣ ಎಲೆ ಸುಟ್ಟ ಮೇಲೆ ನೆಲ ಸಮ ಇದ್ದಂತೆ ಕಾಣುತ್ತದೆ, ಆದರೆ ಬೂದಿಯ ಕೆಳಗೆ ಕಬ್ಬಿನ ಕೂಳೆ ಹಾಗೇ ಇರುತ್ತದೆ.

ಎರಡನೆಯದು ಮಾವಿನ ತೋಟ. ಐದು ಎಕರೆ, ಸುತ್ತ ತಂತಿ ಬೇಲಿ, ಒಂದೇ ಗೇಟು. ಬೆಳಗಿನ ಎರಡು ತಾಸಿಗೆ ತಿಂಗಳಿಗೆ 1,500 ರೂಪಾಯಿ. ಬೇಲಿ ಇದೆಯಲ್ಲ ಅಂತ ಮನಸ್ಸಿಗೆ ಸಮಾಧಾನ. ಮುಧೋಳ ನಾಯಿ ಒಮ್ಮೆ ಓಟಕ್ಕೆ ಬಿದ್ದರೆ ಹೆಸರು ಹಿಡಿದು ಕರೆದರೂ ಕಿವಿಗೆ ಹೋಗುವುದಿಲ್ಲ. ಅದು ಹಟವಲ್ಲ, ಆ ತಳಿಯ ಗುಣ. ಅದಕ್ಕೇ ಬೇಲಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ನೆರಳಿದೆ, ನೀರಿದೆ. ಓಟ ಮುಗಿದ ಮೇಲೆ ನಾಯಿಯ ಹೊಟ್ಟೆ, ತೊಡೆಸಂದಿಗೆ ನೀರು ಹಾಕಿ ತಂಪು ಮಾಡಲು ಪೈಪು ಅಲ್ಲೇ ಸಿಗುತ್ತದೆ.

ಆದರೆ ತೋಟ ಓಟಕ್ಕೆ ಮಾಡಿದ್ದಲ್ಲ. ಗಿಡದ ಸಾಲಿನ ನಡುವೆ ನೇರ ಓಟ ಏನೋ ಆಗುತ್ತದೆ, ತಿರುವು ಹಾಕಲು ಆಗುವುದಿಲ್ಲ. ಎರಡು ನಾಯಿ ಒಟ್ಟಿಗೆ ಬಿಟ್ಟರೆ ಒಂದು ಗಿಡಕ್ಕೆ ಬಡಿಯುವುದು ಗ್ಯಾರಂಟಿ. ಡ್ರಿಪ್ ಪೈಪು ಕಾಲಿಗೆ ಸಿಕ್ಕುತ್ತದೆ. ಹೂ ಬಿಡುವ ಹೊತ್ತಿಗೆ ಔಷಧಿ ಹೊಡೆದರೆ ವಾರಗಟ್ಟಲೆ ಒಳಗೆ ಬಿಡುವ ಹಾಗಿಲ್ಲ, ನಾಯಿ ಹುಲ್ಲು ನೆಕ್ಕುತ್ತದಲ್ಲ. ಇನ್ನು ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ನಾಯಿ ಇಳಿದರೆ ಹತ್ತಿ ಬರಲು ಉಗುರಿಗೆ ಹಿಡಿತ ಸಿಗುವುದಿಲ್ಲ. ಈಜಿ ಈಜಿ ಸುಸ್ತಾಗಿ ಮುಳುಗುತ್ತದೆ. ನಾವು ಮೊದಲ ದಿನವೇ ಹಗ್ಗದ ಬಲೆ ಇಳಿಬಿಟ್ಟು ಗೂಟಕ್ಕೆ ಕಟ್ಟಿದೆವು. ಯಾವ ತೋಟ ಹಿಡಿದರೂ ಇದನ್ನು ಮರೆಯಬೇಡಿ.

ತೋಟ ಬಿಡಲು ಕಾರಣ ಇವು ಯಾವುವೂ ಅಲ್ಲ. ಒಂದು ಬೆಳಿಗ್ಗೆ ಮೋಟರು ಇನ್ನೂ ಚಾಲೂ ಮಾಡಿರಲಿಲ್ಲ, ಗಿಡದ ಬುಡದಿಂದ ಮೊಲ ಎದ್ದಿತು. ಬೇಲಿಯೊಳಗೇ. ಗೆಳೆಯನ ನಾಯಿ ಬಾಜಿ ಹಗ್ಗ ಜಗ್ಗಿಕೊಂಡು ಹೋದ. ಬೇಲಿ ಕಾಯಬೇಕಾಗಿದ್ದು ನಾಯಿಯನ್ನು. ಆ ಹೊತ್ತಿಗೆ ಅದೇ ಬೇಲಿ ಮೊಲಕ್ಕೆ ಬಲೆಯಾಯಿತು. ಎರಡು ಸುತ್ತು ಹೊಡೆದು ಅದು ತಂತಿಯ ಕೆಳಗೆ ಒಂದು ಗೇಣು ಸಂದಿ ಹುಡುಕಿ ಪಕ್ಕದ ಕಬ್ಬಿಗೆ ನುಗ್ಗಿತು. ಬಾಜಿ ತಂತಿಗೆ ಎದೆ ಕೊಟ್ಟು ನಿಂತ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಅವನ ಪಟ್ಟಿಗೆ ಕೊಂಡಿ ಹಾಕಲು ಆಗಲಿಲ್ಲ. ಅದೇ ತೋಟದಲ್ಲಿ ನವಿಲೂ ಮೊಟ್ಟೆ ಇಡುತ್ತವೆ ಅಂತ ಆಮೇಲೆ ಗೊತ್ತಾಯಿತು. ನೆರಳು, ನೀರು, ಹುಲ್ಲು ಇದ್ದಲ್ಲಿ ಜೀವ ಇರುವುದು ಸಹಜ. ನಾಯಿಗೆ ಹಿತವಾದ ಜಾಗ ಮೊಲಕ್ಕೂ ಹಿತ. ತೋಟದ ಕಾಕಾಗೆ ವಿಷಯ ಹೇಳಿ, ಆ ತಿಂಗಳ ರೊಕ್ಕ ಕೊಟ್ಟು ಬಂದೆವು.

ಮೂರನೆಯದೇ ಈಗ ಇರುವುದು. ಲೋಕಾಪುರದ ಕಡೆ ಹೋಗುವಾಗ ಸಿಗುವ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ, ಆರು ಎಕರೆ, ಏಳೆಂಟು ವರ್ಷದಿಂದ ಪಡ ಬಿದ್ದಿತ್ತು. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ, ಕಾಕಾ ಒಬ್ಬರೇ ಊರಲ್ಲಿ. ವರ್ಷಕ್ಕೆ 18,000 ರೂಪಾಯಿ. ಮೊದಲ ನೋಟಕ್ಕೆ ಇದು ಮೂರರಲ್ಲೇ ಕೆಟ್ಟದ್ದು. ತುಂಬಾ ಬಳ್ಳಾರಿ ಜಾಲಿ, ಕೆಳಗೆ ನೆಗ್ಗಿನ ಮುಳ್ಳು. ಜೆಸಿಬಿ ಹಚ್ಚಿ ಒಂಬತ್ತು ತಾಸು ಜಾಲಿ ಕೀಳಿಸಿದೆವು, ಅದಕ್ಕೇ ಹತ್ತು ಸಾವಿರ ಹತ್ತಿರ ಹೋಯಿತು. ನೆಗ್ಗಿನ ಮುಳ್ಳಿಗೆ ಯಂತ್ರ ಇಲ್ಲ. ಹಳೆಯ ಗೋಣಿಚೀಲ ಒದ್ದೆ ಮಾಡಿ ನೆಲದ ಮೇಲೆ ಎಳೆದರೆ ಮುಳ್ಳು ಅದಕ್ಕೆ ಹತ್ತಿಕೊಂಡು ಬರುತ್ತದೆ. ನಾಲ್ಕು ಭಾನುವಾರ ನಾವು ಮಾಡಿದ್ದು ಇದೇ ಕೆಲಸ. ಒಂದೊಂದು ಗೋಣಿ ಕೊಡವಿದರೆ ಬೊಗಸೆ ಮುಳ್ಳು.

ಅಷ್ಟು ಮಾಡಿದ ಮೇಲೆ ನೆಲ ನಮ್ಮದಾಯಿತು. ಮಸಾರಿ ಬಿರಿಯುವುದಿಲ್ಲ. ಸಣ್ಣ ಮಳೆ ಬಂದರೆ ಮರುದಿನವೇ ಓಡಿಸಬಹುದು, ಎರಿ ಹಾಗೆ ಕಾಲಿಗೆ ಮುದ್ದೆ ಕಟ್ಟುವುದಿಲ್ಲ. ಗರಸು ಇರುವ ಭಾಗ ಬಿಟ್ಟು ಮುನ್ನೂರೈವತ್ತು ಮೀಟರಿನ ಸುತ್ತು ಹಾಕಿದ್ದೇವೆ. ತಿರುವು ಎಲ್ಲೂ ಚೂಪಾಗಿಲ್ಲ. ಎರಡು ಕಡೆ ಕಲ್ಲಿನ ಒಡ್ಡು, ಉಳಿದ ಎರಡು ಕಡೆ ನಾವೇ ಐದು ಅಡಿ ಬಲೆ ಕಟ್ಟಿದ್ದೇವೆ. ಎಲ್ಲಕ್ಕಿಂತ ಮುಖ್ಯ, ಜಾಲಿ ಹೋದ ಮೇಲೆ ಅದು ಬೋಳು ನೆಲ. ಮೊಲ ಅಡಗಲು ಮರೆಯೇ ಇಲ್ಲ. ಆದರೂ ಪ್ರತಿಸಲ ನಾಯಿ ಗಾಡಿಯಿಂದ ಇಳಿಸುವ ಮೊದಲು ನಾವು ನಾಲ್ವರೂ ಸಾಲಾಗಿ ನಿಂತು ಇಡೀ ಹೊಲ ಒಮ್ಮೆ ನಡೆದು ಬರುತ್ತೇವೆ. ಟಿಟ್ಟಿಭ ಹಕ್ಕಿ ಇಂಥ ಬೋಳು ನೆಲದ ಮೇಲೇ ಮೊಟ್ಟೆ ಇಡುತ್ತದೆ. ಕಳೆದ ಬೇಸಿಗೆಯಲ್ಲಿ ಒಂದು ಜೋಡಿ ಇಟ್ಟಿತ್ತು, ಆ ತಿಂಗಳು ಓಟ ಬಂದ್ ಮಾಡಿದೆವು.

ನೆರಳಿಲ್ಲ ಅನ್ನುವುದು ಇದರ ದೊಡ್ಡ ಕೊರತೆ. ಮಾರ್ಚ್‌ನಿಂದ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸುತ್ತೇವೆ. ನೀರು ಕ್ಯಾನಿನಲ್ಲಿ ಹೊರಬೇಕು. ಒಂದು ನಾಯಿಗೆ ಎರಡೇ ಓಟ, ನಡುವೆ ಅರ್ಧ ತಾಸು ಬಿಡುವು. ಹಿಂದಿನ ರಾತ್ರಿಯ ಊಟ ಬಿಟ್ಟರೆ ಓಡುವ ಮೊದಲು ಹೊಟ್ಟೆಗೆ ಏನೂ ಹಾಕುವುದಿಲ್ಲ. ಎದೆಗೂಡು ಆಳವಿರುವ ನಾಯಿಗಳಿಗೆ ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ. ವರ್ಷ ತುಂಬದ ಮರಿಯನ್ನು ತಿರುವಿನ ಓಟಕ್ಕೆ ಬಿಡುವುದೇ ಇಲ್ಲ.

ಕಾಗದದ ವಿಷಯ ಒಂದಿಷ್ಟು. ಮಸಾರಿ ಕಾಕಾ ಮೊದಲು ಒಪ್ಪಲೇ ಇಲ್ಲ. "ಕಾಗದಾ ಗೀಗದಾ ಏನೂ ಬ್ಯಾಡ ತಮ್ಮಾ. ನಾಳೆ ನಿನ್ನ ಮಗಾ ಬಂದು ಹೊಲಾ ನಂದು ಅಂದ್ರ ನಾ ಎಲ್ಲಿಗ್ ಹೋಗ್ಲಿ?" ಅಂದರು. ಆ ಹೆದರಿಕೆ ಸುಮ್ನೆ ಬಂದಿದ್ದಲ್ಲ. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿ ಬಂದು, ಉಳುವವರಿಗೆ ಭೂಮಿ ಸಿಕ್ಕಿತು. ಬೇಸಾಯದ ಜಮೀನನ್ನು ಗೇಣಿಗೆ ಕೊಡುವುದಕ್ಕೂ ಕಟ್ಟುನಿಟ್ಟು ಬಂತು. ಹಾಗಾಗಿ ನಮ್ಮಲ್ಲಿ ಲಾವಣಿ ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ. ಬಾಯಿಮಾತು ಸಾಕು ಅಂದರೆ ನಾಳೆ ನಾಯಿ ಯಾರದೋ ಆಡು ಹಿಡಿದರೆ ಜವಾಬ್ದಾರಿ ಯಾರದ್ದು? ವಕೀಲರಿಗೆ ತೋರಿಸಿ ಒಂದು ಪುಟದ ಒಪ್ಪಿಗೆ ಪತ್ರ ಬರೆಸಿದೆವು. ಹನ್ನೊಂದು ತಿಂಗಳು, ಬೆಳಗಿನ ಹೊತ್ತು ನಾಯಿ ಓಡಿಸಲು ಮಾತ್ರ ಅನುಮತಿ, ಸಾಗುವಳಿ ಇಲ್ಲ, ಜಮೀನಿನ ಮೇಲೆ ಯಾವ ಹಕ್ಕೂ ಇಲ್ಲ, ಆದ ಹಾನಿಗೆ ನಾವೇ ಹೊಣೆ, ಯಾವುದೇ ಕಾಡುಪ್ರಾಣಿಯ ಮೇಲೆ ನಾಯಿ ಬಿಡುವುದಿಲ್ಲ. ಕೊನೆಯ ಸಾಲು ನಾನೇ ಹಟ ಹಿಡಿದು ಸೇರಿಸಿದ್ದು. ಕಾಕಾ ಅದನ್ನು ಎರಡು ಸಲ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿದರು.

ರೊಕ್ಕದ ಲೆಕ್ಕ ಹಾಕಿದರೆ ಎರಿ ಸೋವಿ, ತೋಟವೂ ಮಸಾರಿಯೂ ವರ್ಷಕ್ಕೆ ಹೆಚ್ಚೂಕಡಿಮೆ ಒಂದೇ. ಜೆಸಿಬಿ, ಬಲೆ ಸೇರಿಸಿದರೆ ಮಸಾರಿಯೇ ದುಬಾರಿ. ಆದರೆ ಗೌರಿಯ ಒಂದು ಗಾಯದ ಖರ್ಚು, ಆ ಆರು ವಾರ ಅವಳು ಬಾಗಿಲಲ್ಲಿ ಮುಖ ಇಟ್ಟು ಮಲಗಿದ್ದು, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ? ಮಸಾರಿಗೆ ಬಂದು ಒಂದೂವರೆ ವರ್ಷವಾಯಿತು. ಒಂದು ಉಗುರು ಕಿತ್ತಿದ್ದು ಬಿಟ್ಟರೆ ಏಳು ನಾಯಿಗಳಲ್ಲಿ ಯಾವುದಕ್ಕೂ ಏನೂ ಆಗಿಲ್ಲ. ಒಬ್ಬರೇ ಒಂದು ನಾಯಿ ಸಾಕಿದವರಿಗೆ ಆರು ಎಕರೆ ಜಾಸ್ತಿಯಾಯಿತು. ಅಂಥವರು ಮೂರು ನಾಲ್ಕು ಮಂದಿ ಕೂಡಿಕೊಂಡು ಹಿಡಿಯುವುದು ಒಳ್ಳೆಯದು.

ಈ ಮುಂಗಾರಿಗೆ ಕಾಕಾ ಕೆಳಗಿನ ಎರಡು ಎಕರೆಗೆ ಹೆಸರು ಬಿತ್ತಿಸುತ್ತೇನೆ ಅಂದಿದ್ದಾರೆ. ಜಾಲಿ ಹೋಗಿ ಹೊಲ ಮತ್ತೆ ಹೊಲದ ಹಾಗೆ ಕಂಡಿದ್ದಕ್ಕೆ ಅವರಿಗೆ ಆಸೆ ಬಂದಿದೆ. ನಾವು ನಾಲ್ಕು ಗಾಲಿ ಮೇಲಕ್ಕೆ ಸರಿಸಿ ಸುತ್ತು ಸಣ್ಣದು ಮಾಡಿಕೊಳ್ಳಬೇಕು, ಅವರು ಲಾವಣಿಯಲ್ಲಿ ಐದು ಸಾವಿರ ಇಳಿಸುತ್ತಾರೆ. ಬಡಗಣ ಮೂಲೆಯಲ್ಲಿ ಜಾಲಿ ಮತ್ತೆ ಚಿಗುರಿದೆ. ಬರುವ ಭಾನುವಾರ ನಾಯಿಗಳನ್ನು ಮನೆಯಲ್ಲೇ ಬಿಟ್ಟು, ಗುದ್ದಲಿ ತಗೊಂಡು ಹೋಗಬೇಕು.