ಹಳೆಯ ಸಮಾಧಿ ಹುಡುಕಲು ‘ಫೈಂಡ್ ಎ ಗ್ರೇವ್’: ಎಷ್ಟು ನಂಬಬಹುದು?

1995ರಲ್ಲಿ ಶುರುವಾಗಿ 2013ರಿಂದ ವಂಶಾವಳಿ ಹುಡುಕಿಕೊಡುವ ಆನ್ಸೆಸ್ಟ್ರಿ ಕಂಪನಿಯ ಕೈಯಲ್ಲಿರುವ ಈ ಜಾಲತಾಣಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಹೆಸರು ಸಿಕ್ಕ ಕೂಡಲೇ ಹಿಗ್ಗಬೇಡಿ. ಮಾಹಿತಿ ತುಂಬುವವರು ಹೆಚ್ಚಾಗಿ ಸ್ವಯಂಸೇವಕರು. ಸಮಾಧಿ ಕಲ್ಲಿನ ಫೋಟೋ ಇಲ್ಲದ ಪುಟ ಬರೀ ಸುಳಿವು, ಪುರಾವೆಯಲ್ಲ. ಪೂರ್ತಿ ಹೆಸರು ಹಾಕುವ ಬದಲು ಮನೆತನದ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ, ಕೊನೆಗೊಂದು ನಕ್ಷತ್ರ ಚಿಹ್ನೆ (*) ಹಾಕಿ, ತೀರಿಕೊಂಡ ವರ್ಷದ ಆಚೀಚೆ 10 ವರ್ಷ ಸೇರಿಸಿ ಹುಡುಕಿ. ಸವೆದ ಕಲ್ಲಿನಲ್ಲಿ 3 ಹೋಗಿ 8 ಆಗುವುದು, 1 ಹೋಗಿ 7 ಆಗುವುದು ಮಾಮೂಲು.

ಫೋಟೋ ಬೇಕೆಂದು ಕೋರಿಕೆ ಹಾಕುವ ಸೌಲಭ್ಯವೇ ಇದರ ನಿಜವಾದ ಬಲ. ಆದರೆ ಕೋರಿಕೆಯಲ್ಲಿ ಸಾಲು, ಪ್ಲಾಟ್ ಸಂಖ್ಯೆ ಬರೆಯದಿದ್ದರೆ ಫೋಟೋ ತೆಗೆಯಲು ಹೋದ ಸ್ವಯಂಸೇವಕರು ಬರಿಗೈಲಿ ವಾಪಸಾಗಬಹುದು. ಆ ಸಂಖ್ಯೆ ಸ್ಮಶಾನದ ಕಚೇರಿಯ ರಿಜಿಸ್ಟರ್‌ನಲ್ಲಿರುತ್ತದೆ.

ಇಂಥದ್ದೇ ಇನ್ನೊಂದು ತಾಣ ಬಿಲಿಯನ್‌ಗ್ರೇವ್ಸ್‌ನಲ್ಲಿ ಫೋಟೋ ಜೊತೆ ಜಿಪಿಎಸ್ ಗುರುತೂ ಬರುತ್ತದೆ. ಆದರೆ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪಬಹುದು, ಮರದಡಿ ಇನ್ನೂ ಹೆಚ್ಚು. ಅಷ್ಟು ಜಾಗದಲ್ಲಿ ಮೂರ್ನಾಲ್ಕು ಸಮಾಧಿ ಇರುತ್ತವೆ! ಹಾಗಾಗಿ ಅಲುಗದ ಎರಡು ಗುರುತುಗಳಿಂದ (ಗೋಡೆಯ ಮೂಲೆ, ದೊಡ್ಡ ಕಲ್ಲು) ಟೇಪು ಹಿಡಿದು ಅಳೆದು ಬರೆದಿಡಿ.

ಅಕ್ಷರ ಕಾಣದಿದ್ದರೆ ಕನ್ನಡಿಯಿಂದ ಓರೆ ಬೆಳಕು ಬಿಡಿ, ಕೆತ್ತನೆ ನೆರಳಾಗಿ ಏಳುತ್ತದೆ. ತಂತಿ ಬ್ರಷ್, ಬ್ಲೀಚು ಬೇಡವೇ ಬೇಡ. ಸಮಾಧಿಗೆ ಹೊಸ ಗುರುತುಕಲ್ಲು ಇಡುವುದಾದರೆ ಮೊದಲು ಸ್ಮಶಾನದ ಕಚೇರಿಯ ಲಿಖಿತ ಅನುಮತಿ ಪಡೆಯಿರಿ. ಆಮೇಲೆ 10 ಸೆಂ.ಮೀ. ಜಲ್ಲಿ ಹಾಸಿ, ದಮ್ಮಸು ಮಾಡಿ, ಗ್ರಾನೈಟ್ ಫಲಕವನ್ನು ನೆಲದ ಮಟ್ಟಕ್ಕೆ ಕೂರಿಸಿ. ಬರೀ ಮಣ್ಣಿನ ಮೇಲಿಟ್ಟರೆ ಮಳೆಗಾಲ ಕಳೆಯುವುದರೊಳಗೆ ಒಂದು ಮೂಲೆ ಕುಸಿಯಬಹುದು.